ಹಲ್ಲಿಲ್ಲದ ಎತ್ತು

ಎಲ್ಲಕ್ಕೂ ಕಾರಣ ಖಂಡೆಪ್ಪ ಮಾಸ್ತರರ ಹೊಟ್ಟೆ. ಮೊನ್ನೆ ಪಾಠ ಹೇಳುವಾಗ ಕೋಟಿನ ಗುಂಡಿ ಹಾರಿ ಹುಡುಗನೊಬ್ಬನ ಪಾಟಿಯ ಮೇಲೆ ಬಿದ್ದಿತ್ತು. ಇಂಡಿ ಊರಿನ ವೈದ್ಯ ಚನ್ನಬಸಯ್ಯನವರು ನಾಡಿ ಹಿಡಿದು, "ಕಫ ಏರೈತಿ, ಮೇದಸ್ಸು ಬೆಳದೈತಿ. ಗೋದಿ, ತುಪ್ಪ ಬಿಡ್ರಿ. ನಲವತ್ತು ದಿನ ಹುರಳಿ ಹಿಟ್ಟಿನ ಅಂಬಲಿ, ಶುಂಠಿ ಹಾಕಿ ಕುಡೀರಿ" ಎಂದರು.

ಹುರಳಿಯೆಂದರೆ ಆ ಓಣಿಯಲ್ಲಿ ಎತ್ತಿನ ಮೇವು. "ನಮ್ಮ ಮನ್ಯಾಗ ಗೋದಿ ಬಿಟ್ಟು ಬ್ಯಾರೆ ಹಿಟ್ಟಿಲ್ಲ" ಎಂದು ಹೋದ ವಾರವಷ್ಟೇ ಕಟ್ಟೆಯ ಮೇಲೆ ಕೂತು ಕೊಚ್ಚಿಕೊಂಡವರು ಇದೇ ಮಾಸ್ತರರು. ಈಗ ಹುರಳಿ ಡಬ್ಬಿಯನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ಗಿರಣಿಯ ಸಾಲಿನಲ್ಲಿ ನಿಂತರು.

ಗಿರಣಿ ಖಾಜಾಸಾಬನದು. ಹುರಳಿ ಕಂಡರೆ ಅವನದು ಒಂದೇ ಪ್ರಶ್ನೆ: ಮಂದಿಗೋ, ಎತ್ತಿಗೋ? ಎತ್ತಿಗಾದರೆ ನುಚ್ಚು ಒಡೆಯಬೇಕು, ಮಂದಿಗಾದರೆ ನುಣ್ಣಗೆ ಬೀಸಬೇಕು. ಮುಂದೆ ನಿಂತಿದ್ದ ಅದೇ ಓಣಿಯ ಮಾನಪ್ಪ "ಎತ್ತಿಗೆ" ಎಂದು ನುಚ್ಚು ಒಡೆಸಿಕೊಂಡ.

"ನಿಮ್ಮದು ಯಾರಿಗ್ರಿ, ಮಾಸ್ತರ?"

"ಎತ್ತಿಗೆ. ಆದ್ರ ನುಣ್ಣಗ ಬೀಸು."

"ಎತ್ತಿಗೆ ನುಣ್ಣಗ ಯಾಕ್ರಿ?"

"ಅದಕ್ಕ ಹಲ್ಲಿಲ್ಲ" ಅಂದುಬಿಟ್ಟರು ಮಾಸ್ತರರು.

ಮಾನಪ್ಪನ ಕಿವಿ ನೆಟ್ಟಗಾಯಿತು. "ಎತ್ತು ಯಾವಾಗ ತಂದ್ರಿ? ಹಲ್ಲು ನೋಡದ ತಂದ್ರೇನ್ರಿ?" ಮಾಸ್ತರರು ಹಿಟ್ಟು ತುಂಬಿಸಿಕೊಂಡು ಮನೆಯ ಹಾದಿ ಹಿಡಿದರು.

ಅಂಬಲಿಯ ಬಟ್ಟಲು ಬಾಯಿಗಿಡುವಷ್ಟರಲ್ಲಿ ಮಾನಪ್ಪನ ಹೆಂಡತಿ ಗುರವ್ವ ಆರತಿ ಹಚ್ಚಿಕೊಂಡು, ತಂಬಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಸ ಎತ್ತು ಬಂದರೆ ಕಾಲು ತೊಳೆದು ಬೆಳಗುವುದು ಓಣಿಯ ಪದ್ಧತಿ. ಅವಳ ಹಿಂದೆ ಅರ್ಧ ಓಣಿಯೇ ಬಂದಿತ್ತು.

"ಎತ್ತು ಎಲ್ಲೈತ್ರಿ, ಯಕ್ಕಾ?"

ಮಾಸ್ತರರ ಹೆಂಡತಿ ಕಸ್ತೂರೆವ್ವನಿಗೆ ಸುಳ್ಳು ಗೊತ್ತಿಲ್ಲ. "ಎತ್ತು ಎಲ್ಲಿಂದ ಬರಬೇಕವ್ವಾ? ಹುರಳಿ ಅಂಬಲಿ ಕುಡಿಯೋರು ಇವರ" ಎಂದು ಗಂಡನ ಕಡೆ ಕೈ ತೋರಿಸಿದಳು.

ಓಣಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾನಪ್ಪ. ಅಷ್ಟಕ್ಕೇ ಬಿಟ್ಟಾಳೆಯೇ ಗುರವ್ವ? "ಹಚ್ಚಿದ ಆರತಿ ಹಂಗ ಹೊಳ್ಳಿ ಒಯ್ಯಬಾರದ್ರಿ. ಕಾಲು ಮುಂದ ಮಾಡ್ರಿ, ಮಾಸ್ತರ."

ಕಾಲಿಗೆ ನೀರು ಬಿತ್ತು, ಹಣೆಗೆ ಅರಿಸಿನದ ಭಂಡಾರ ಬಿತ್ತು. ಇಪ್ಪತ್ತು ವರ್ಷ ಅಕ್ಷರ ಕಲಿಸಿದ ಓಣಿಯ ಮುಂದೆ ಮಾಸ್ತರರು ತಲೆ ತಗ್ಗಿಸಿ ಬೆಳಗಿಸಿಕೊಂಡರು. ನಾಚಿಕೆಗೆ ಕಣ್ಣಲ್ಲಿ ನೀರು ಬಂತು. ನಾಳೆ ಯಾವ ಮುಖ ಹೊತ್ತು ಶಾಲೆಗೆ ಹೋಗುವುದು?

ಸಂಜೆ, ಗಡಿಬಿಡಿಯಲ್ಲಿ ಮರೆತ ಡಬ್ಬಿಯ ಮುಚ್ಚಳ ತರಲು ರುಮಾಲು ಕಣ್ಣಿನ ತನಕ ಎಳೆದುಕೊಂಡು ಗಿರಣಿಗೆ ಹೋದರು. ಸಾಲಿನ ಮುಂದೆ ಮಾನಪ್ಪ ಮುಂಜಾನೆಯ ಅದೇ ನುಚ್ಚಿನ ಡಬ್ಬಿ ಹಿಡಿದು ನಿಂತಿದ್ದ. ಅವನು ಎತ್ತು ಮಾರಿ ಎರಡು ವರ್ಷವಾಗಿದ್ದು ಮಾಸ್ತರರಿಗೆ ಆಗ ನೆನಪಾಯಿತು.

"ಇದನ್ನ ನುಣ್ಣಗ ಬೀಸಿ ಕೊಡು" ಎನ್ನುತ್ತಿದ್ದ ಮಾನಪ್ಪ. "ನನಗಲ್ಲಪಾ, ಖಂಡೆಪ್ಪ ಮಾಸ್ತರಗ."

"ನಮ್ಮದೂ ಮಾಸ್ತರಗ" ಎಂದು ತನ್ನ ಹುರಳಿ ಡಬ್ಬಿ ಮುಂದೆ ಚಾಚಿದ ಅವನ ಹಿಂದಿನವನು.

"ನಮ್ಮದೂ" ಎಂದಳು ಮತ್ತೊಬ್ಬಳು.

ಖಾಜಾಸಾಬ ತಲೆಯೆತ್ತಿ, ಬಾಗಿಲಲ್ಲಿ ನಿಂತ ಮಾಸ್ತರರನ್ನು ಕಂಡು ಕೈ ಮುಗಿದ. "ಮಧ್ಯಾಹ್ನದಿಂದ ನಿಮ್ಮ ಹೆಸರಿಲೆ ಒಂಬತ್ತು ಡಬ್ಬಿ ಬೀಸೇನ್ರಿ, ಮಾಸ್ತರ. ಇಷ್ಟು ಉಂಡ್ರ ಹೊಟ್ಟಿ ಹ್ಯಾಂಗ ಇಳದೀತ್ರಿ?"