ತುಟಿ ಅಚ್ಚಿನ ಫಜೀತಿ

ನಾನು ಲಿಪ್‌ಸ್ಟಿಕ್ ಹಿಡಿದು ಹೊರಟ ದಿನ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ನಾನು ದಂತ ಕಾಲೇಜೊಂದರ ಗುತ್ತಿಗೆ ಉಪನ್ಯಾಸಕಿ. ಬೆರಳಚ್ಚಿನಂತೆ ತುಟಿಯ ಗೆರೆಗಳಿಂದಲೂ ಅಪರಾಧಿಯನ್ನು ಗುರುತಿಸಬಹುದು ಎಂಬುದು ನನ್ನ ಪಾಠ. "ಊರೂರು ತಿರುಗಿ ತುಟಿ ಅಚ್ಚು ತರ್ರಿ, ಪೊಲೀಸರ ಮುಂದ ಮಾಡಿ ತೋರಸ್ರಿ, ಕೆಲಸ ಕಾಯಂ ಮಾಡೋಣು" ಎಂದರು ಪ್ರಿನ್ಸಿಪಾಲರು. ತುಟಿಗೆ ಬಣ್ಣ ಹಚ್ಚಿ ಬಿಳಿ ಕಾಗದ ಒತ್ತಿದರೆ ಆಯಿತು. ಹೇಳುವುದಕ್ಕೇನು, ಸುಲಭ!

ಮೆಟ್ರಿಯ ಯಜಮಾನರು

ಮೆಟ್ರಿ ಎಂಬ ಹಳ್ಳಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಯಜಮಾನರೊಬ್ಬರಿಗೆ ಗಂಟಲು ಹರಿಯುವಷ್ಟು ವಿವರಿಸಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಒಪ್ಪಿದರೆಂದು ಲಿಪ್‌ಸ್ಟಿಕ್ ಮುಚ್ಚಳ ತೆಗೆದೆ.

"ಬ್ಯಾಡವ್ವಾ. ನಮ್ಮಪ್ಪ ಹೆಬ್ಬಟ್ಟು ಒತ್ತಿ ಅರ್ಧ ಹೊಲ ಕಳಕೊಂಡ. ನಾ ತುಟಿ ಒತ್ತಿದ್ರ ಉಳಿದಿದ್ದೂ ಹೋಗತೈತಿ" ಎಂದು ಎದ್ದೇ ಹೋದರು.

ಸಂಡೂರಿನ ಬಣ್ಣ

ಬಸ್ ನಿಲ್ದಾಣದಲ್ಲಿ ಪಾಳಿ ಮುಗಿಸಿ ಬಂದ ಗಣಿ ಕೆಲಸಗಾರನೊಬ್ಬ ಸಿಕ್ಕ. ಲಿಪ್‌ಸ್ಟಿಕ್ ನೋಡಿ ಹೌಹಾರಿದವನು, ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಹಾಗೇ ತುಟಿಗೆ ಒತ್ತಿಕೊಂಡ. ಕೆಂಪು ಅಚ್ಚು ಮೂಡಿಯೇ ಬಿಟ್ಟಿತು!

"ನಮಗ್ಯಾಕ್ರಿ ಲಿಪ್‌ಸ್ಟಿಕ್? ಅದಿರಿನ ಧೂಳ ದಿನಾ ಪುಗಸಟ್ಟೆ ಹಚ್ಚತೈತಿ!"

ಅವನ ಗೆಳೆಯರೂ ಸಾಲುಗಟ್ಟಿ ಒತ್ತಿಕೊಟ್ಟರು. ಕಾಲೇಜಿಗೆ ಬಂದು ನೋಡಿದರೆ ಗೆರೆಯೂ ಇಲ್ಲ, ಗುರುತೂ ಇಲ್ಲ, ಬರೀ ಧೂಳು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಹೊಸಪೇಟೆಯ ಕಳ್ಳ

ಕೊನೆಗೆ ಪೊಲೀಸರ ಮುಂದೆ ಮಾಡಿ ತೋರಿಸುವ ದಿನ ಬಂತು; ನೋಡಲು ಪ್ರಿನ್ಸಿಪಾಲರೂ ಬಂದು ಕುಳಿತರು. ಪಾಠ ಸರಳ: ಕಳ್ಳನ ವೇಷದ ಕಾನ್‌ಸ್ಟೇಬಲ್ ಕೋಣೆಗೆ ನುಗ್ಗಿ, ಅಲ್ಲಿಟ್ಟ ಗಾಜಿನ ಲೋಟದ ನೀರು ಕುಡಿದು ಹೋಗಬೇಕು. ನಾನು ಲೋಟದ ಅಂಚಿನಿಂದ ತುಟಿ ಅಚ್ಚು ತೆಗೆದು ಅವನನ್ನು ಹಿಡಿದುಕೊಡಬೇಕು.

ಪುಡಿ ಉದುರಿಸಿದೆ, ದೀಪ ಹಿಡಿದೆ, ಲೋಟ ತಿರುಗಿಸಿದೆ. ಬೆರಳಚ್ಚು ಬೇಕಾದಷ್ಟಿತ್ತು, ತುಟಿಯದು ಒಂದು ಗೆರೆಯೂ ಇಲ್ಲ. ಪ್ರಿನ್ಸಿಪಾಲರ ಮುಖ ಗಂಟಿಕ್ಕಿತು. ಕಾಯಂ ಕೆಲಸ ಕಣ್ಣೆದುರೇ ಕೈಜಾರುತ್ತಿತ್ತು. ಅಳು ಬರುವಂತಾಗಿ ಕಾನ್‌ಸ್ಟೇಬಲ್ ಮೇಲೆ ರೇಗಿದೆ.

"ನೀರು ಕುಡಿದ್ರೋ ಇಲ್ಲೋ?"

"ಪೂರಾ ಕುಡಿದೀನ್ರಿ ಮೇಡಂ. ಎತ್ತಿ ಕುಡಿದೆ."

"ಲೋಟಕ್ಕೆ ತುಟಿ ಹಚ್ಚಬೇಕಿತ್ತಲ್ರೀ! ನೀವು ಕಳ್ಳ!"

ಅವನಿಗೆ ನಿಜಕ್ಕೂ ಬೇಜಾರಾಯಿತು. "ಕಳ್ಳ ಆದ್ರ ಏನಾತ್ರಿ? ಮಂದಿ ಮನಿ ಲೋಟ ಎಂಜಲ ಮಾಡೂದು ನಮ್ಮವ್ವ ಕಲಿಸಿಲ್ರಿ!"

"ಖರೇ ಹೇಳಿದ" ಎಂದರು ಹಿರಿಯ ಅಧಿಕಾರಿ.

ನನ್ನ ಗಂಟಲು ಒಣಗಿತ್ತು. ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದು ಗಟಗಟ ಕುಡಿದೆ. ಪ್ರಿನ್ಸಿಪಾಲರು ನನ್ನನ್ನೇ ದಿಟ್ಟಿಸಿದರು.

"ಮೇಡಂ, ನೀವೂ ಎತ್ತೇ ಕುಡದ್ರಲ್ರಿ!"

ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯಿತು.