ಭಾವಮೈದನ ಎದುರು ಪಕ್ಷದ ಟ್ಯಾಬ್ಲೆಟ್

ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ. ಸ್ಥಳ: ವಾರಾಣಸಿಯ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ನನ್ನ ಹೆಂಡತಿ, ಅವಳ ತಮ್ಮ. ಇವರಲ್ಲದೆ ಒಂದು ಟ್ಯಾಬ್ಲೆಟ್ಟೂ ಹಾಜರಿತ್ತು. ಅದನ್ನು ನಾನು ಹಾಜರಿಗೆ ಸೇರಿಸಿಕೊಳ್ಳಲಿಲ್ಲ. ಅಲ್ಲೇ ಕೆಟ್ಟಿತು. ಇದನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಭಾವಮೈದನಿಗೆ ಕಾಶಿಯಲ್ಲಿ ಮೋಕ್ಷ ಸಿಗುವುದು ಅನುಮಾನ. ಇಲ್ಲಿ ಸತ್ತವರಿಗೆಲ್ಲ ಸಿಗುತ್ತದಲ್ಲ ಎನ್ನುತ್ತೀರಾ? ಅದೇ ತೊಂದರೆ! ಎಲ್ಲರಿಗೂ ಸಿಗುವಂಥದ್ದು ಅವನಿಗೆ ಬೇಡ. ಜನ ದಶಾಶ್ವಮೇಧ ಘಾಟಿನಲ್ಲಿ ಸೂರ್ಯ ಹುಟ್ಟುವ ಮೊದಲು ಮುಳುಗುತ್ತಾರೆ. ಇವನು ಸುಡುವ ಮಧ್ಯಾಹ್ನ ಹೋಗುತ್ತಾನೆ. ಬೆಳಗಿನವರು ಬಿಟ್ಟ ಪಾಪವೆಲ್ಲ ಹರಿದು ಮುಂದೆ ಹೋದ ಮೇಲೆ ನೀರಿಗೆ ಇಳಿಯಬೇಕಂತೆ. ವಿಶ್ವನಾಥ ಗಲ್ಲಿಯಲ್ಲಿ ಜನ ಯಾವ ಕಡೆ ನುಗ್ಗುತ್ತಾರೋ ಅದರ ಎದುರು ದಿಕ್ಕಿನಿಂದ ಬರುವ ಒಂದೇ ತಲೆ ಕಂಡರೆ ಅದು ಇವನದೇ.

ಅವನು ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಈ ಊರಿಗೆ ಬಂದವನು. ಮದುವೆಯಾಗಲಿಲ್ಲ. ಎಲ್ಲರೂ ಆಗುತ್ತಾರಲ್ಲ, ಅದಕ್ಕೆ. ನಿವೃತ್ತನಾದ ಮೇಲೂ ನಮ್ಮ ಪಕ್ಕದ ಗಲ್ಲಿಯಲ್ಲೇ ಉಳಿದ. ನಾನು ರೈಲ್ವೆಯವನು. ರೈಲು ತಡವಾಗಿರಬಹುದು, ನಾನು ಆಗಿಲ್ಲ. ಊಟ, ನಿದ್ದೆ, ಪೇಪರು, ನಡಿಗೆ, ಎಲ್ಲಕ್ಕೂ ನನ್ನಲ್ಲಿ ವೇಳಾಪಟ್ಟಿ ಇದೆ. ಭಾನುವಾರ ಮಾತ್ರ ಅದು ಹಳಿ ತಪ್ಪುತ್ತದೆ, ಏಕೆಂದರೆ ಭಾನುವಾರದ ಊಟಕ್ಕೆ ಅವನು ಬರುತ್ತಾನೆ.

ಕಳೆದ ವರ್ಷದಿಂದ ಅವನ ಕಿವಿ ಕೈಕೊಟ್ಟಿದೆ. ಹಾಗೆಂದು ಒಪ್ಪುವವನೇ? ಯಾರು ಏನು ಕೇಳಿದರೂ 'ಹೂಂ' ಎನ್ನುತ್ತಾನೆ. ಒಮ್ಮೆ ದೋಣಿಯವನು ಆಚೆ ದಡಕ್ಕೆ ಬರುತ್ತೀರಾ ಎಂದು ಕೇಳಿದ. ಇವನು 'ಹೂಂ' ಅಂದ. ನಮ್ಮ ಮನೆಯಲ್ಲಿ ಸಾರು ಆರುತ್ತಿತ್ತು, ಇವನು ಗಂಗೆಯ ಆಚೆಗಿನ ಮರಳಿನಲ್ಲಿ ಕೂತಿದ್ದ. ಸಂಜೆ ಬಂದವನು ತಪ್ಪಾಯಿತು ಎನ್ನಲಿಲ್ಲ. ಆ ದಡದಿಂದ ಕಾಶಿ ಬಹಳ ಚೆನ್ನಾಗಿ ಕಾಣುತ್ತದೆ, ನೀವೂ ಹೋಗಬೇಕು ಎಂದು ನಮಗೇ ಉಪದೇಶ ಮಾಡಿದ!

ಕಿವಿಗೆ ಯಂತ್ರ ಹಾಕಿಸಿದೆವು. ಎರಡೇ ದಿನದಲ್ಲಿ ಅದು ಅಂಗಿಯ ಜೇಬಿಗೆ ಇಳಿಯಿತು. ಹಾಕಿಕೊಂಡರೆ ಗೋದೌಲಿಯಾ ಚೌಕದ ಹಾರನ್ನುಗಳೆಲ್ಲ ತಲೆಯೊಳಗೆ ಬರುತ್ತವೆ, ಅಕ್ಕನ ದನಿ ಮಾತ್ರ ಬರುವುದಿಲ್ಲ ಎಂದ.

ಬಡಪಾಯಿ ಅಕ್ಕ. ಪಕ್ಕದ ಮನೆಯ ಮದುವೆಯ ಸುದ್ದಿಯನ್ನು ಮೂರು ಸಂಜೆ ಹೇಳುತ್ತಿದ್ದವಳು ಈಗ ತಮ್ಮನ ಹತ್ತಿರ 'ಬಾ', 'ತಿನ್ನು', 'ಔಷಧಿ' ಎಂದು ಕೂಗುವಷ್ಟಕ್ಕೆ ಬಂದು ನಿಂತಿದ್ದಳು. ತವರಿನವರು ಎಂದು ಅವಳಿಗೆ ಈ ಊರಿನಲ್ಲಿ ಇರುವವನು ಇವನೊಬ್ಬನೇ. ಅವನೋ, ಕೇಳುವ ಕಷ್ಟವೇ ಬೇಡವೆಂದು ತಾನೇ ನಿಲ್ಲಿಸದೆ ಮಾತಾಡುತ್ತಿದ್ದ. ತಮ್ಮ ಇದ್ದೂ ಇಲ್ಲದ ಹಾಗಾಗಿದ್ದಾನೆ ಎಂದು ಅವಳು ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದ್ದೆ. ನೋಡಿಯೂ ನನ್ನ ಚಿಂತೆ ಮಧ್ಯಾಹ್ನದ ನಿದ್ದೆಯದಾಗಿತ್ತು.

ಆ ಭಾನುವಾರ ಅವನು ಬಾಗಿಲಲ್ಲೇ, ಟ್ಯಾಬ್ಲೆಟ್ ತಂದಿದ್ದೇನೆ ಎಂದು ಸಾರಿದ. ನನ್ನ ಹೆಂಡತಿ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದಳು. ಅವನು 'ಹೂಂ' ಎಂದ. ಚೀಲದಿಂದ ಹೊರಬಂದದ್ದು ಗುಳಿಗೆಯಲ್ಲ, ಹಲಗೆ. ಅದೂ ಎಂಥದ್ದು? ನಮ್ಮ ಫೋನು, ನಮ್ಮ ನೆಂಟರ ಫೋನು, ಹಾಲಿನವನ ಫೋನು, ಎಲ್ಲದರ ಒಳಗೂ ಒಂದೇ ವ್ಯವಸ್ಥೆ. ಇವನದು ಎದುರು ಪಕ್ಷದ್ದು! ಅದರಲ್ಲಿ ಹಿಂದಕ್ಕೆ ಹೋಗುವ ಬಾಣದ ಗುರುತೇ ಇಲ್ಲ. ಒಳಗೆ ಹೋದವನು ಹೊರಗೆ ಬರುವುದು ಹೇಗೆ? ಪರದೆಯನ್ನು ಪಕ್ಕಕ್ಕೆ ಎಳೆದೆ, ಹವಾಮಾನ ಬಂತು. ಕೆಳಕ್ಕೆ ಎಳೆದೆ, ದೀಪ ಮಂಕಾಯಿತು. ಮೇಲಕ್ಕೆ ತಳ್ಳಿದೆ, ಎಲ್ಲವೂ ಮಾಯ.

ನಾವು ಆಡಿದ್ದನ್ನೆಲ್ಲ ಇದು ಬರೆದು ತೋರಿಸುತ್ತದೆ, ಪರೀಕ್ಷೆ ಮಾಡಿ ನೋಡಿ ಎಂದ. 'ಇವತ್ತಿನ ಹಾಲು ಚೆನ್ನಾಗಿಲ್ಲ' ಎಂದೆ. ಪರದೆಯ ಮೇಲೆ ಹಿಂದಿಯಲ್ಲಿ ಯಾರದೋ ಹಾಲ್‌ಚಾಲ್, ಅಂದರೆ ಕ್ಷೇಮಸಮಾಚಾರ, ವಿಚಾರಿಸುವ ಸಾಲು ಬಂತು. ಇದಕ್ಕೆ ಕನ್ನಡ ಬರುವುದಿಲ್ಲ ಎಂದು ತೀರ್ಪು ಕೊಟ್ಟು ಅದನ್ನು ಅವನ ಕಡೆ ತಳ್ಳಿದೆ. ಅವನು ತಲೆ ತಗ್ಗಿಸಿ ಅದನ್ನು ಏನೋ ಮಾಡುತ್ತಾ ಕೂತ. ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಈ ಊರಿನಲ್ಲಿ ನಮಗೆ ಕನ್ನಡ ಗುಟ್ಟಿನ ಭಾಷೆ. ನನ್ನ ಹೆಂಡತಿ ಸೀರೆ ಅಂಗಡಿಯವನ ಮುಖ ನೋಡಿ ನಗುತ್ತಲೇ 'ಬಣ್ಣ ಬಿಡುತ್ತೆ, ಏಳಿ' ಎನ್ನುತ್ತಾಳೆ. ರಿಕ್ಷಾದವನ ಬೆನ್ನ ಹಿಂದೆ ಕೂತು ಅವನನ್ನೇ ಬೈಯುವುದು ನಮಗೆ ರೂಢಿ. ವಿಶ್ವನಾಥ ಗಲ್ಲಿಯ ಅಂಗಡಿಗಳಲ್ಲಿ ಮಾತ್ರ ಬಾಯಿ ಬಿಗಿಹಿಡಿಯುತ್ತೇವೆ, ಯಾತ್ರಿಕರಿಂದ ಅವರು ನಾಲ್ಕು ಮಾತು ಕಲಿತಿದ್ದಾರೆ. ಕನ್ನಡ ತಿಳಿಯದ ಯಂತ್ರ, ಕಿವಿ ಕೇಳದ ಭಾವಮೈದ. ಇನ್ನು ನನಗೆ ಯಾರ ಭಯ? ಅವನ ಎದುರಿಗೇ ಕೂತು ಹೆಂಡತಿಗೆ ಹೇಳಿದೆ:

"ಇವನ ಹತ್ತಿರ ಮಾತಾಡೋದೂ ಒಂದೇ, ಗೋಡೆ ಹತ್ತಿರ ಮಾತಾಡೋದೂ ಒಂದೇ. ಮುಂದಿನ ವಾರದಿಂದ ಬರಬೇಡ ಅಂತ ಹೇಳಿಬಿಡು. ಊಟ ಡಬ್ಬಿಯಲ್ಲಿ ಕಳಿಸಿದರಾಯಿತು."

ಭಾವಮೈದ ಪರದೆಯನ್ನೇ ನೋಡುತ್ತಿದ್ದ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

"ಸಾರು ಬೇರೆ ಡಬ್ಬಿಯಲ್ಲಿ ಕಳಿಸಿ ಭಾವ. ಅನ್ನಕ್ಕೆ ಕಲಸಿಬಿಟ್ಟರೆ ದಾರಿಯಲ್ಲಿ ಮುದ್ದೆಯಾಗುತ್ತೆ."

ಬಗ್ಗಿ ನೋಡಿದೆ. ನಾನು ಆಡಿದ್ದು ಅಚ್ಚ ಕನ್ನಡದಲ್ಲಿ, ಒಂದು ಒತ್ತಕ್ಷರವೂ ತಪ್ಪದೆ ಮೂಡಿತ್ತು. ಅವನು ಆಗ ತಲೆ ತಗ್ಗಿಸಿ ಮಾಡಿದ್ದು ಭಾಷೆ ಬದಲಾಯಿಸುವ ಕೆಲಸ! ಅಳಿಸಲು ಗಾಬರಿಯಿಂದ ಎರಡು ಬೆರಳು ಹಾಕಿ ಅತ್ತಿತ್ತ ಉಜ್ಜಿದೆ. ಅಕ್ಷರ ದೊಡ್ಡದಾಯಿತು. ಇನ್ನೂ ಉಜ್ಜಿದೆ, ಇನ್ನೂ ದೊಡ್ಡದಾಯಿತು. ಕೊನೆಗೆ 'ಬರಬೇಡ' ಎಂಬ ಒಂದೇ ಮಾತು ಪರದೆ ತುಂಬ ಹಬ್ಬಿ ನಿಂತಿತು. ಹಿಂದಕ್ಕೆ ಹೋಗುವ ದಾರಿ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮೇಜು ನೋಡಿದೆ.

ಅವನು ನನ್ನ ಕೈ ಸರಿಸಿದ. "ಅಳಿಸಬೇಡಿ ಭಾವ. ಈ ವರ್ಷ ನಿಮ್ಮ ಬಾಯಿಂದ ನಾನು ಪೂರ್ತಿ ಕೇಳಿಸಿಕೊಂಡ ಮೊದಲ ಮಾತು ಇದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಷಮಿಸು ಎಂದೆ. ನನಗೇ ಕೇಳಿಸಿತೋ ಇಲ್ಲವೋ, ಅಷ್ಟು ಮೆಲ್ಲಗೆ. ಅವನು ಪರದೆ ಓದಿದ.

"ಶ್ರಮಿಸು ಅಂತ ಬಂದಿದೆ. ರಿಟೈರಾದ ಮೇಲೆ ಇನ್ನೇನು ಶ್ರಮಿಸಲಿ?"

ಮತ್ತೆ ಹೇಳಿದೆ.

"ಗಮಿಸು. ಅಂದರೆ ಹೋಗು ಅಂತ ಅಲ್ಲವಾ? ಊಟವಾದರೂ ಆಗಲಿ."

ಹೆಂಡತಿಗೆ ನಗು ಬಂದಿತ್ತು, ಅಳುವೂ ಬಂದಿತ್ತು. ನಾನು ಎದ್ದು ನಿಂತು, ಪ್ಲಾಟ್‌ಫಾರಂ ಮೇಲೆ ನಿಂತವನಂತೆ, ಅಕ್ಷರ ಬಿಡಿಸಿ ಗಟ್ಟಿಯಾಗಿ ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು. ಈ ಸಲ ಸರಿಯಾಗಿ ಬಂತು. ಅವನು ಅದನ್ನು ನನ್ನ ಕಡೆ ತಿರುಗಿಸಿ ತೋರಿಸಿ, ಎಲೆ ಹಾಕು ಅಕ್ಕಾ ಎಂದ.

ಊಟವಾಯಿತು. ಎಷ್ಟು ಹೊತ್ತಿಗೆ ಎಂದು ನೋಡಲಿಲ್ಲ. ಆಮೇಲೆ ಅಕ್ಕ ಮಾತು ಶುರುಮಾಡಿದಳು. ಟ್ಯಾಬ್ಲೆಟ್ ದೂರವಿದ್ದರೆ ಅವಳ ಸಣ್ಣ ದನಿ ಅರ್ಧಂಬರ್ಧ ಬೀಳುತ್ತಿತ್ತು. ಅದಕ್ಕೆ ನಾನು ಅದನ್ನು ಎರಡೂ ಕೈಯಲ್ಲಿ ಅವಳ ಬಾಯಿಯ ಹತ್ತಿರ ಹಿಡಿದು, ಪರದೆಯನ್ನು ತಮ್ಮನ ಕಡೆ ಮಾಡಿ ಕೂತೆ. ಅವಳಲ್ಲಿ ಒಂದು ವರ್ಷದ ಮಾತು ಇತ್ತು. ಕೋತಿ ಎತ್ತಿಕೊಂಡು ಹೋದ ಕುಕ್ಕರಿನ ಮುಚ್ಚಳ, ಮೊಣಕಾಲಿನ ನೋವು, ಅವರಮ್ಮನ ತಿಥಿಯ ಹಿಂದಿನ ದಿನ ಬಿದ್ದ ಕನಸು. ಅದನ್ನು ನನಗೂ ಹೇಳಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡು ಓದಿದ. ಅವಳು ನಕ್ಕ ಒಂದು ಗಳಿಗೆಯ ನಂತರ ನಗುತ್ತಿದ್ದ. ಕನಸಿನ ಮಾತು ಬಂದಾಗ, ಅಮ್ಮ ಯಾವ ಸೀರೆ ಉಟ್ಟಿದ್ದಳು ಎಂದು ಕೇಳಿದ.

ನನ್ನ ತೋಳು ಸೋತಿತ್ತು. ದೀಪ ಹಚ್ಚುವ ಹೊತ್ತಿಗೆ ಅವಳು "ಅಷ್ಟೇ ಕಣೋ" ಎಂದಳು. ಅದೂ ಪರದೆಯ ಮೇಲೆ ಸರಿಯಾಗಿ ಬಂದಿತೇ ಎಂದು ಬಗ್ಗಿ ನೋಡಿ, ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟೆ. ಆ ದಿನ ನಾನು ಮುಗಿಸಿದ ಕೊನೆಯ ಕೆಲಸ ಅದು.