ಹಿಂದಕ್ಕೆ ನಡೆದ ದೊರೆ

ಟಿಬ್ಸ್‌ನ ಕತ್ತಿನ ಹಿಂಭಾಗ ನೀಟಾಗಿದ್ದದ್ದೇ ಎಲ್ಲಕ್ಕೂ ಮೂಲವಾಯಿತು.

ಲಾಕ್‌ಡೌನ್ ಶುರುವಾಗಿ ಎರಡು ತಿಂಗಳಾಗಿತ್ತು. ಆಲ್ಡರ್‌ಮೀರ್ ಅರಮನೆಯಲ್ಲಿ ದೊರೆ ಎಡ್ಮಂಡ್, ರಾಣಿ ಕಾನ್‌ಸ್ಟನ್ಸ್, ದೊರೆಯ ಸೋದರತ್ತೆ ವಿನಿಫ್ರೆಡ್ ಮತ್ತು ಹನ್ನೊಂದು ಮಂದಿ ಸೇವಕರು ಒಳಗಿನಿಂದ ಅಗಳಿ ಹಾಕಿಕೊಂಡು ಕೂತಿದ್ದರು. ಅರಮನೆಯ ಕ್ಷೌರಿಕ ಲಂಡನ್ನಿನ ತನ್ನ ಮನೆಯಲ್ಲಿ ಕೆಮ್ಮುತ್ತಿದ್ದ. ದೊರೆಯ ಕೂದಲು ಕಿವಿ ಮುಚ್ಚಿ, ಕಾಲರ್ ದಾಟಿ, ಮಳೆಯಲ್ಲಿ ನೆಂದ ಕುರಿಯ ಉಣ್ಣೆಯಂತೆ ಜೋತುಬಿದ್ದಿತ್ತು. ಅವತ್ತು ಶುಕ್ರವಾರ. ಮಧ್ಯಾಹ್ನ ಮೂರಕ್ಕೆ ದೊರೆ ಇನ್ನೂರು ಜನ ನರ್ಸ್‌ಗಳ ಜೊತೆ ವಿಡಿಯೋದಲ್ಲಿ ಮಾತಾಡಬೇಕಿತ್ತು; ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಲಿತ್ತು.

ಬೆಳಗಿನ ತಿಂಡಿಗೆ ಟೋಸ್ಟ್ ಇಡಲು ಬಗ್ಗಿದ ಸೇವಕ ಟಿಬ್ಸ್‌ನ ಕತ್ತು ರಾಣಿಯ ಕಣ್ಣಿಗೆ ಬಿತ್ತು.

“ಇಷ್ಟು ಚೆನ್ನಾಗಿ ಯಾರು ಕಟ್ ಮಾಡಿದ್ರು, ಟಿಬ್ಸ್?”

“ನಾನೇ, ಮಹಾರಾಣಿ.”

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವನಲ್ಲ ಅವನು. ಆದರೆ ಅವತ್ತು ಅವನ ಮೂರು ವಾರದ ಪಾಳಿ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಬಸ್ಸು ಬಂದು ಹಳೆಯ ಸೇವಕರನ್ನು ಕರೆದೊಯ್ದು ಹೊಸಬರನ್ನು ಇಳಿಸಿ ಹೋಗಬೇಕಿತ್ತು. ಮಾರನೆಯ ದಿನ ಅವನ ಮದುವೆಯಾಗಿ ನಲವತ್ತು ವರ್ಷ. ಅರಮನೆಗೆ ಸೇರಿದಾಗಿನಿಂದ ಆ ದಿನ ಒಮ್ಮೆಯೂ ಅವನು ಮನೆಯಲ್ಲಿ ಇದ್ದದ್ದಿಲ್ಲ, ಯಾರದೋ ಕುರ್ಚಿಯ ಹಿಂದೆ ಸೂಪಿನ ಬೋಗುಣಿ ಹಿಡಿದು ನಿಂತಿರುತ್ತಿದ್ದ. ಈ ಸಲ ಹೆಂಡತಿ ಡೋರೀನ್ ಫೋನಿನಲ್ಲಿ ತಣ್ಣಗೆ ಹೇಳಿದ್ದಳು, “ನಾಳೆ ಬರದಿದ್ರೆ ಬರಲೇ ಬೇಡ ಬರ್ನಿ. ಆ ದೊರೆ ಜೊತೇನೇ ಸಂಸಾರ ಮಾಡ್ಕೊಂಡಿರು.” ಅವಳು ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ತಣ್ಣಗೆ ಹೇಳಿದ್ದನ್ನೇ ಮಾಡುವವಳು.

ಮನೆಗೆ ಹೋಗುವ ಆ ಖುಷಿಯಲ್ಲಿ ಟಿಬ್ಸ್, “ಎರಡು ಕನ್ನಡಿ ಇದ್ರೆ ಸಾಕು ಮಹಾರಾಣಿ, ಏನೂ ಕಷ್ಟ ಇಲ್ಲ” ಎಂದು ಸೇರಿಸಿಬಿಟ್ಟ.

ಹನ್ನೊಂದು ಗಂಟೆಗೆ ದೊರೆ ಹೆಗಲ ಮೇಲೆ ಟವೆಲ್ ಹೊದ್ದು ನೀಲಿ ಕೋಣೆಯಲ್ಲಿ ಕೂತಿದ್ದರು. ಟಿಬ್ಸ್ ಕೈಯಲ್ಲಿ, ನಾಯಿಗಳ ಕೂದಲು ಕತ್ತರಿಸುವ ಮಿಷನ್. ತನ್ನ ಕೂದಲನ್ನೂ ಅವನು ಅದರಲ್ಲೇ ಕತ್ತರಿಸಿಕೊಂಡಿದ್ದ, ಆ ವಿಷಯವನ್ನು ಮಾತ್ರ ಬಾಯಿಬಿಡಲಿಲ್ಲ. ಮುಂಭಾಗವೂ ಕಿವಿಯ ಸುತ್ತಲೂ ಬಹಳ ಚೆನ್ನಾಗಿ ಬಂತು. ರಾಣಿ ನೋಡಿ, ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ ಎಂದು ಮೆಚ್ಚಿಕೊಂಡು ಹೋದರು. ಹಿಂಭಾಗಕ್ಕೆ ಮಿಷನ್ ಇಟ್ಟ ಗಳಿಗೆಗೆ ಸರಿಯಾಗಿ ಅತ್ತೆ ವಿನಿಫ್ರೆಡ್ ಕೋಲೂರಿಕೊಂಡು ಬಂದರು. ಎಂಬತ್ತಾರು ವರ್ಷ, ಕಿವಿ ಮಂದ, ನಾಲಿಗೆ ಚುರುಕು.

“ಎಡ್ಡಿ, ಎಡಗಡೆ ಉದ್ದ ಆಯ್ತು ಕಣೋ” ಎಂದರು.

ದೊರೆ ಚಿಕ್ಕಂದಿನ ಅಭ್ಯಾಸದಂತೆ ಅತ್ತೆಗೆ ಗೌರವ ಕೊಟ್ಟು ಎದ್ದುನಿಂತರು. ಎದ್ದದ್ದು ದೊರೆ, ಮಿಷನ್ ಇದ್ದಲ್ಲೇ ಇತ್ತು. ನಡುನೆತ್ತಿಯಿಂದ ಕತ್ತಿನವರೆಗೆ, ಹುಲ್ಲುಗಾವಲಿನ ನಡುವೆ ರೈಲು ಹಳಿಗೆ ದಾರಿ ಮಾಡಿದ ಹಾಗೆ, ಎರಡು ಬೆರಳಗಲದ ಬೋಳು ಪಟ್ಟಿ ಬಿತ್ತು.

ಟಿಬ್ಸ್ ಎರಡನೆಯ ಕನ್ನಡಿ ಹಿಡಿದ. ದೊರೆ ತಲೆಯನ್ನು ಆಚೆ ಈಚೆ ತಿರುಗಿಸಿ ನೋಡಿದರು.

“ಇದು ಮತ್ತೆ ಬೆಳೆಯುತ್ತಲ್ವಾ?”

“ಐದಾರು ವಾರದಲ್ಲಿ ಬೆಳೆಯುತ್ತೆ, ಪ್ರಭು.”

“ನಮಗಿರೋದು ನಾಲ್ಕು ಗಂಟೆ.”

ಇಡೀ ತಲೆ ಬೋಳಿಸಿಬಿಡು ಎಂದು ಅತ್ತೆ ಸಲಹೆ ಕೊಟ್ಟರು. ದೊರೆಗೇ ರೋಗ ಬಂದಿದೆ ಎಂದು ದೇಶ ಹೆದರೀತು ಎಂದು ದೊರೆ ಒಪ್ಪಲಿಲ್ಲ. ಬೂಟ್ ಪಾಲಿಷ್ ಹಚ್ಚಿ ನೋಡಿದರು. ಪಟ್ಟಿ ಈಗ ಟಾರು ಹಾಕಿದ ರಸ್ತೆಯಾಯಿತು. ಅದನ್ನು ತೊಳೆದದ್ದಾಯಿತು. ಕೂತು ಮಾತಾಡುವಾಗ ಹಿಂಭಾಗ ಯಾರಿಗೆ ಕಾಣುತ್ತೆ ಎಂದು ಟಿಬ್ಸ್ ಸಮಾಧಾನ ಹೇಳಿದ. ಆದರೆ ಕಾರ್ಯಕ್ರಮದ ಚೀಟಿಯಲ್ಲಿ ಬೇರೆಯೇ ಇತ್ತು. ದೊರೆ ಹೊರಡುವವರೆಗೆ ಎದುರಿದ್ದವರು ಯಾರೂ ಕದಲಬಾರದೆಂಬುದು ಅರಮನೆಯ ಪದ್ಧತಿ. ಆದ್ದರಿಂದ ದೊರೆ ಎದ್ದು ಕೋಣೆಯ ಕೊನೆಯ ಬಾಗಿಲು ದಾಟುವವರೆಗೆ ಇನ್ನೂರು ನರ್ಸ್‌ಗಳೂ ಕಾಯಬೇಕು, ಟಿವಿಯೂ ತೋರಿಸುತ್ತಿರಬೇಕು. ಕ್ಯಾಮೆರಾವನ್ನು ಕುರ್ಚಿಯೆದುರು ಜೋಡಿಸಿ, ಯಾರೂ ಮುಟ್ಟಬಾರದೆಂದು ಹೇಳಿ ಹೋದವನು ಐವತ್ತು ಮೈಲಿ ದೂರದಲ್ಲಿದ್ದ. ಬಾಗಿಲಿದ್ದದ್ದು ಕುರ್ಚಿಯ ಬೆನ್ನಿಗೆ.

ದೊರೆ ಟಿಬ್ಸ್‌ನನ್ನು ನೋಡಿದರು. “ನೀನು ನನ್ನ ಮುಂದೆ ಯಾವತ್ತಾದ್ರೂ ಬೆನ್ನು ತೋರಿಸಿದ್ದೀಯಾ?”

“ಇಲ್ಲ ಪ್ರಭು. ಮೂವತ್ತೊಂದು ವರ್ಷದಿಂದ ಹಿಂದಕ್ಕೇ ನಡೆದಿದ್ದೀನಿ.”

“ಹೇಗೆ ನಡೀತೀಯ?”

ಅದೊಂದು ವಿದ್ಯೆ ಎಂದು ಟಿಬ್ಸ್‌ಗೂ ಅವತ್ತೇ ತಿಳಿದದ್ದು. ಹಿಮ್ಮಡಿ ಮೊದಲು ಊರಬಾರದು, ಬೆರಳಿನಿಂದ ನೆಲ ತಡವಬೇಕು. ಕಣ್ಣು ಎದುರಿನವರ ಮೇಲೇ ಇರಬೇಕು. ನೀಲಿ ಕೋಣೆಯಲ್ಲಿ ಹನ್ನೊಂದು ಹೆಜ್ಜೆ. ಏಳನೆಯದರಲ್ಲಿ ಕಾಲುಮಣೆ ಬರುತ್ತದೆ, ಅಲ್ಲಿ ಸ್ವಲ್ಪ ಬಲಕ್ಕೆ ಸರಿಯಬೇಕು. ದೊರೆ ಮೊದಲ ಸಲ ಕಿಟಕಿಯ ಪರದೆಯೊಳಗೆ ಹೊಕ್ಕರು. ಎರಡನೆಯ ಸಲ ಚೀನಾ ಹೂದಾನಿಯೊಂದು ಎರಡಾಯಿತು. ಮೂರನೆಯ ಸಲ ಅತ್ತೆಯ ಮಡಿಲಲ್ಲಿ ಕೂತರು. “ಐವತ್ತೆಂಟು ವರ್ಷದ ಹಿಂದೆ ಕೂತಿದ್ದು, ಈಗ ಭಾರ ಆಗಿದ್ದೀಯ” ಎಂದರು ಅತ್ತೆ. ಎರಡೂವರೆಯ ಹೊತ್ತಿಗೆ ದೊರೆ ಹಳೆಯ ಸೇವಕನ ಹಾಗೆ ಸಲೀಸಾಗಿ ಹಿಂದಕ್ಕೆ ಹೋಗುತ್ತಿದ್ದರು. ಪಾಠ ಹೇಳುತ್ತ ಎದುರು ನಿಂತ ಟಿಬ್ಸ್, ದೊರೆ ತನಗೆ ತಲೆಬಾಗಿ ಹಿಂದೆ ಸರಿಯುವುದನ್ನು ಹದಿನಾಲ್ಕು ಸಲ ನೋಡಬೇಕಾಯಿತು. ಪ್ರತಿ ಸಲವೂ ಅವನ ಮೊಣಕಾಲು ತಾನಾಗಿ ಬಗ್ಗಲು ಹೋಗುತ್ತಿತ್ತು.

ಮೂರು ಗಂಟೆಗೆ ದೊರೆ ನರ್ಸ್‌ಗಳಿಗೆ ಧನ್ಯವಾದ ಹೇಳಿದರು. ಕೊನೆಗೆ ಎದ್ದರು, ತಲೆಬಾಗಿದರು, ಕಣ್ಣನ್ನು ಪರದೆಯಿಂದ ಕದಲಿಸದೆ ಒಂದೊಂದೇ ಹೆಜ್ಜೆ ಹಿಂದಿಟ್ಟರು. ಏಳನೆಯದರಲ್ಲಿ ಬಲಕ್ಕೆ ಸರಿದರು. ಹನ್ನೊಂದನೆಯದರಲ್ಲಿ ಬಾಗಿಲು ದಾಟಿದರು. ಬಾಗಿಲ ಹಿಂದೆ ನಿಂತಿದ್ದ ಟಿಬ್ಸ್ ಕದ ಮುಚ್ಚಿದ.

ತನ್ನ ಕೆಲಸ ಮುಗಿಯಿತೆಂದು ಅವನು ಪೆಟ್ಟಿಗೆ ಕಟ್ಟಿಕೊಂಡ. ಡೋರೀನ್‌ಗೆಂದು ತೋಟದ ಮಾಲಿಯಿಂದ ಪಡೆದ ಗುಲಾಬಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಕೊಂಡ. ನಾಲ್ಕೂ ಮುಕ್ಕಾಲಿಗೆ ಮೆಟ್ಟಿಲಿಳಿಯುವಾಗ ಕರೆ ಬಂತು.

ನೀಲಿ ಕೋಣೆಯಲ್ಲಿ ದೊರೆ ಅರಳಿದ ಮುಖದಲ್ಲಿ ನಿಂತಿದ್ದರು. ಪ್ರಧಾನಿ ಫೋನ್ ಮಾಡಿದ್ದರಂತೆ. ದೇಶವೇ ಕಣ್ಣೀರಿಟ್ಟಿತಂತೆ. ದೊರೆಗೆ ಪ್ರಜೆಗಳು ಕೊಡುವ ಮರ್ಯಾದೆಯನ್ನು ದೊರೆಯೇ ನರ್ಸ್‌ಗಳಿಗೆ ಕೊಟ್ಟದ್ದು ಎಂಟುನೂರು ವರ್ಷದಲ್ಲಿ ಇದೇ ಮೊದಲಂತೆ. ಇನ್ನು ಪ್ರತಿ ಶುಕ್ರವಾರ ಒಂದೊಂದು ಆಸ್ಪತ್ರೆಗೆ ಹೀಗೇ ಆಗಬೇಕಂತೆ, ಬೇರೆ ಬೇರೆ ಕೋಣೆಗಳಿಂದ.

“ಒಂದೊಂದು ಕೋಣೆಗೂ ಹೆಜ್ಜೆ ಬೇರೆ ಅಲ್ವಾ ಟಿಬ್ಸ್?” ಎಂದರು ದೊರೆ. “ಕಲಿಸೋಕೆ ನೀನೇ ಬೇಕು. ಮತ್ತೆ ಈ ತಲೆಯ ಹಿಂಭಾಗ ನೋಡಿದ ಸೇವಕ ನೀನೊಬ್ಬನೇ. ಹೊಸಬ ಬಂದು ನೋಡಿದ್ರೆ, ನಾನು ಹಿಂದಕ್ಕೆ ನಡೆದದ್ದು ಯಾಕೆ ಅಂತ ಗೊತ್ತಾಗಿಬಿಡುತ್ತೆ. ಐದಾರು ವಾರ ಅಂದ್ಯಲ್ಲ?”

ಟಿಬ್ಸ್ ತಲೆಬಾಗಿ ಹಿಂದಕ್ಕೆ ಹೆಜ್ಜೆಯಿಟ್ಟ. ಏಳನೆಯ ಹೆಜ್ಜೆಯಲ್ಲಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಕಾಲುಮಣೆಗೆ ಎಡವಿದ.

ಅಡುಗೆಮನೆಯ ಪಕ್ಕದ ಫೋನಿಂದ ಮನೆಗೆ ಕರೆ ಮಾಡಿದ. ಡೋರೀನ್ ಮೂಗು ಸೀಟುತ್ತ ಎತ್ತಿಕೊಂಡಳು.

“ನೋಡಿದ್ಯಾ ಬರ್ನಿ, ನಿಮ್ಮ ದೊರೆನ? ನಾವು ನರ್ಸ್‌ಗಳು ಅಂದ್ರೆ ಅವರಿಗೆ ಎಷ್ಟು ಮರ್ಯಾದೆ. ನೀನು ನಲವತ್ತು ವರ್ಷದಲ್ಲಿ ಒಂದು ಸಲ ನನ್ನನ್ನ ಹಾಗೆ ನೋಡ್ತಾ ಮನೆಯಿಂದ ಹೊರಟಿದ್ದೀಯಾ? ಯಾವಾಗ್ಲೂ ಟೋಪಿ ಹಾಕ್ಕೊಂಡು ಬೆನ್ನು ತಿರುಗಿಸೋದೆ.” ಅವಳು ಮತ್ತೊಮ್ಮೆ ಮೂಗೊರೆಸಿಕೊಂಡಳು. “ಅವರಿಗೆ ಇದನ್ನ ಯಾರು ಕಲಿಸಿದ್ರೋ ಪುಣ್ಯಾತ್ಮ. ಅವನ ಹೆಂಡ್ತಿ ಅದೃಷ್ಟವಂತೆ ಕಣೋ.”

ಕಿಟಕಿಯಾಚೆ ಬಸ್ಸು ಉಳಿದ ಹತ್ತು ಮಂದಿಯನ್ನು ಹತ್ತಿಸಿಕೊಂಡು ಗೇಟಿನ ಕಡೆ ತಿರುಗುತ್ತಿತ್ತು. ಗುಲಾಬಿಯ ಒದ್ದೆ ಕಾಗದದಿಂದ ಟಿಬ್ಸ್‌ನ ಬೂಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

“ಸರಿ, ಮಾತಾಡ್ತಾ ನಿಂತ್ಕೋಬೇಡ” ಎಂದಳು ಡೋರೀನ್, ಅಪರೂಪದ ಪ್ರೀತಿಯಿಂದ. “ಬಸ್ ತಪ್ಪೀತು.”

“ಆ ಬಸ್ಸಿನ ವಿಷಯಕ್ಕೇ ಫೋನ್ ಮಾಡಿದೆ, ಡೋರೀನ್” ಎಂದ ಟಿಬ್ಸ್.